ಊಟ ಬಿಟ್ಟರೆ ಮುಟ್ಟು ನಿಲ್ಲುತ್ತದೆಯೇ?

ಪ್ರಶ್ನೆ: ಪಿ.ಜಿ.ಯಲ್ಲಿದ್ದು ಕಾಲೇಜಿಗೆ ಹೋಗುವ ಮಗಳು ತೂಕ ಇಳಿಸಲೆಂದು ಬೆಳಗಿನ ತಿಂಡಿ, ರಾತ್ರಿಯೂಟ ಬಿಟ್ಟಿದ್ದಾಳೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಎರಡಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಇರಬಹುದು. ಋತುಚಕ್ರಕ್ಕೆ ಚಾಲನೆ ಸಿಗುವುದು ಗರ್ಭಕೋಶದಿಂದಲ್ಲ, ಮೆದುಳಿನ ಹೈಪೊಥಲಾಮಸ್‌ನಿಂದ. ದೇಹದ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ‘ಮನೆಯಲ್ಲಿ ದಿನಸಿ ಇದೆ’ ಎಂದು ಅದಕ್ಕೆ ತಿಳಿಸುತ್ತಿರುತ್ತದೆ. ಊಟ ತೀರಾ ಕಡಿಮೆಯಾದರೆ ಲೆಪ್ಟಿನ್ ಇಳಿಯುತ್ತದೆ. ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಕಳಿಸುವ ಸೂಚನೆ ಕುಂದುತ್ತದೆ. ಆಗ ಅಂಡಾಣು ಬಿಡುಗಡೆಯಾಗುವುದಿಲ್ಲ, ಈಸ್ಟ್ರೋಜೆನ್ ತಗ್ಗುತ್ತದೆ, ಮುಟ್ಟು ನಿಲ್ಲುತ್ತದೆ. ಇದು ಹೀಗೇ ಮುಂದುವರಿದರೆ ಮೂಳೆಯೂ ದುರ್ಬಲವಾಗುತ್ತದೆ.

ಅರೆಹೊಟ್ಟೆಯ ಇನ್ನೊಂದು ಪೆಟ್ಟು ರಕ್ತಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹೊತ್ತುಹೊತ್ತಿಗೆ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮೊಸರು, ಶೇಂಗಾ ಚಟ್ನಿ, ತಿನ್ನುವವರಾದರೆ ಮೊಟ್ಟೆ ಇರಲಿ. ಕಾಳಿನ ಉಸಲಿಗೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ; ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದು ಕಡಿಮೆ. ಚಹಾ ಒಂದು ಗಂಟೆ ಬಿಟ್ಟು ಕುಡಿಯಲಿ.

ಆದರೆ ಊಟವೊಂದೇ ಕಾರಣವೆಂದು ಸುಮ್ಮನಿರಬೇಡಿ. ಥೈರಾಯ್ಡ್ ತೊಂದರೆ, ಪಿಸಿಒಡಿ, ಗರ್ಭಧಾರಣೆಯಿಂದಲೂ ಮುಟ್ಟು ನಿಲ್ಲಬಹುದು. ಮೂರು ತಿಂಗಳಾಗಿರುವುದರಿಂದ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟು ಬರಿಸುವ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ. ಮಗಳನ್ನು ಗದರಿಸದೆ ಕೂರಿಸಿಕೊಂಡು ಮಾತಾಡಿ.