ಕತ್ತಲ ಹಿತ್ತಲಿಗೆ ಎಂಥ ಟಾರ್ಚು?

ಮನೆಯ ಹಿಂದೆ ಒಂದೆಕರೆ ತೋಟವಿದೆ ಎಂದುಕೊಳ್ಳಿ. ರಾತ್ರಿ ಮೂರು ಫೇಸಿನ ವಿದ್ಯುತ್ತು ಬಂದಾಗ ಪಂಪು ಹಾಕಲು ಹೋಗಬೇಕು. ನಾಯಿ ಬೊಗಳಿದರೆ ಕಾಡುಹಂದಿ ನುಗ್ಗಿತೇ ಎಂದು ನೋಡಬೇಕು. ಕೊಟ್ಟಿಗೆಯಲ್ಲಿ ಹಸು ಕೂಗಿದರೂ ಏಳಬೇಕು. ಆಗ ಕೈ ಹುಡುಕುವುದು ಟಾರ್ಚನ್ನು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಬ್ಯಾಟ್ರಿ’ ಎಂದೇ ಹೆಸರು. ಉಪಕರಣಕ್ಕೆ ಅದರ ಹೊಟ್ಟೆಯೊಳಗಿನ ವಸ್ತುವಿನ ಹೆಸರಿಟ್ಟಿರುವುದು ತಪ್ಪೇನೂ ಅಲ್ಲ. ಟಾರ್ಚಿನ ಯೋಗ್ಯತೆ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ.

ಇದು ಬರಿಯ ಅನುಕೂಲದ ಮಾತಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ; ವರ್ಷದ ಸರಾಸರಿ 58,000. ಇವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಕಟ್ಟುಹಾವು, ಕೊಳಕುಮಂಡಲಗಳು ಹೆಚ್ಚಾಗಿ ರಾತ್ರಿಯೇ ಓಡಾಡುತ್ತವೆ. ಹಾಗಾಗಿ ಟಾರ್ಚು ಕೊಳ್ಳುವವನು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು: ಬೇಲಿಯ ಬಳಿ ಏನಿದೆ? ನನ್ನ ಮುಂದಿನ ಹೆಜ್ಜೆಯಲ್ಲಿ ಏನಿದೆ? ಎರಡಕ್ಕೂ ಒಂದೇ ಬಗೆಯ ಬೆಳಕು ಒದಗುವುದಿಲ್ಲ.

ಅಂಗಡಿಯಲ್ಲಿ ಟಾರ್ಚಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಲೂಮೆನ್ ಸಂಖ್ಯೆ. ಟಾರ್ಚಿನಿಂದ ಎಲ್ಲ ದಿಕ್ಕಿಗೂ ಹೊರಡುವ ಒಟ್ಟು ಬೆಳಕಿನ ಅಳತೆ ಅದು. ನಿರ್ದಿಷ್ಟ ದಿಕ್ಕಿನಲ್ಲಿ ಬೆಳಕು ಎಷ್ಟು ದಟ್ಟವಾಗಿದೆ ಎಂಬುದನ್ನು ಕ್ಯಾಂಡೆಲಾ ಹೇಳುತ್ತದೆ. ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಕೊಳಾಯಿಯಿಂದ ಬರುವ ನೀರು ಲೂಮೆನ್ ಆದರೆ ಅದನ್ನು ಜಾಲರಿಯಿಂದ ಚೆಲ್ಲುತ್ತೇವೆಯೋ, ಬೆರಳು ಒತ್ತಿ ಚಿಮ್ಮಿಸುತ್ತೇವೆಯೋ ಎಂಬುದು ಕ್ಯಾಂಡೆಲಾಕ್ಕೆ ಬಿಟ್ಟ ವಿಷಯ.

ಒಂದು ಲೆಕ್ಕ ಮಾಡೋಣ. 1,000 ಲೂಮೆನ್ ಬೆಳಕನ್ನು ಅಕ್ಷದಿಂದ ಎರಡೂ ಬದಿಗೆ 30 ಡಿಗ್ರಿ ಅಗಲಿಸುವ ಶಂಕುವಿನಲ್ಲಿ ಸಮನಾಗಿ ಹರಡಿದರೆ ಘನಕೋನ 0.84 ಸ್ಟೆರೇಡಿಯನ್, ತೀವ್ರತೆ ಸುಮಾರು 1,190 ಕ್ಯಾಂಡೆಲಾ. ಅದೇ ಬೆಳಕನ್ನು 5 ಡಿಗ್ರಿಯ ಶಂಕುವಿಗೆ ಒತ್ತಿದರೆ ಘನಕೋನ 0.024 ಸ್ಟೆರೇಡಿಯನ್ನಿಗೆ ಇಳಿಯುತ್ತದೆ. ತೀವ್ರತೆ 41,800 ಕ್ಯಾಂಡೆಲಾಕ್ಕೆ ಏರುತ್ತದೆ. ಅದೇ ಎಲ್‌ಇಡಿ, ಅದೇ ಸೆಲ್ಲು, ಆದರೆ ತೀವ್ರತೆ 35 ಪಟ್ಟು.

ತಯಾರಕರು ಹೇಳುವ ‘ದೂರ’ ಎಂದರೇನು? 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಈಗ ಟಾರ್ಚು ತಯಾರಕರಲ್ಲಿ ಬಳಕೆಯಲ್ಲಿರುವ ‘ಎಫ್‌ಎಲ್ 1’ ಮಾನಕದ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗದವರೆಗಿನ ಅಂತರವೇ ಟಾರ್ಚಿನ ದೂರ. ಅದು ಶುಭ್ರ ಆಕಾಶದ ಹುಣ್ಣಿಮೆ ಬೆಳಕಿನಷ್ಟು. ವಿಲೋಮ ವರ್ಗ ನಿಯಮದಂತೆ ಲಕ್ಸ್ ಎಂದರೆ ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದ್ದು. ಆದ್ದರಿಂದ ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಈ ದೂರ ಮೀಟರಿನಲ್ಲಿ ಸಿಗುತ್ತದೆ. ಮೇಲಿನ ಮೊದಲ ಟಾರ್ಚಿಗೆ ಅದು 69 ಮೀಟರ್, ಎರಡನೆಯದಕ್ಕೆ 409 ಮೀಟರ್. ಆದರೆ ಹುಣ್ಣಿಮೆಯ ಬೆಳಕಿನಲ್ಲಿ ಆಕಾರ ಕಂಡೀತು. ಅದು ಹಂದಿಯೋ ಕರುವೋ ಎಂದು ನಿಶ್ಚಯಿಸುವುದು ಕಷ್ಟ. ಆದ್ದರಿಂದ ಅಚ್ಚಾದ ದೂರದ ಅರ್ಧವನ್ನು ಮಾತ್ರ ನಂಬುವುದು ಒಳ್ಳೆಯದು. ಅಲ್ಲಿ ಬೆಳಕು ನಾಲ್ಕು ಪಟ್ಟು ಹೆಚ್ಚು, ಅಂದರೆ ಒಂದು ಲಕ್ಸ್, ಇರುತ್ತದೆ.

ಒಂದೆಕರೆ ಚೌಕದ ಬದಿ ಸುಮಾರು 64 ಮೀಟರ್. ಮೂಲೆಯಿಂದ ಮೂಲೆಗೆ 90 ಮೀಟರ್. ಆ ಮೂಲೆಯಲ್ಲಿ ಒಂದು ಲಕ್ಸ್ ಬೇಕಾದರೆ 90ರ ವರ್ಗ, ಅಂದರೆ 8,100 ಕ್ಯಾಂಡೆಲಾ ಸಾಕು. ಹತ್ತು ಸಾವಿರ ಕ್ಯಾಂಡೆಲಾದ ಟಾರ್ಚು ಇದನ್ನು ಆರಾಮವಾಗಿ ಮಾಡುತ್ತದೆ. ‘ಎರಡು ಕಿಲೋಮೀಟರ್’ ಎಂದು ಬರೆದದ್ದನ್ನು ಕೊಂಡರೆ ನೆರೆಯವರ ತೋಟ ಚೆನ್ನಾಗಿ ಕಂಡೀತು. ಅಂಥ ಟಾರ್ಚಿನ ಬೆಳಕು ಕಿರಿದಾದ ಕಂಬದಂತಿರುತ್ತದೆ. ಐದು ಡಿಗ್ರಿಯ ಶಂಕುವೇ 30 ಮೀಟರ್ ದೂರದಲ್ಲಿ ಕೇವಲ 5 ಮೀಟರ್ ಅಗಲವನ್ನು ಬೆಳಗುತ್ತದೆ. ಉಳಿದ ತೋಟವೆಲ್ಲ ಕತ್ತಲೆ.

ದೂರ ಎಸೆಯುವ ಶಕ್ತಿ ಬರುವುದು ಎಲ್ಲಿಂದ? ಟಾರ್ಚಿನ ನಿಮ್ನ ದರ್ಪಣ ಪರವಲಯಾಕಾರದ್ದು. ನಾಭಿಯಲ್ಲಿ ಬಿಂದುವಿನಷ್ಟು ದೀಪವಿದ್ದರೆ ಕಿರಣಗಳು ಸಮಾಂತರವಾಗಿ ಹೊರಡಬೇಕು. ದೀಪ ಬಿಂದುವಲ್ಲ, ಮಿಲಿಮೀಟರುಗಳಷ್ಟು ಅಗಲದ ಹಾಳೆ. ಅದಕ್ಕೇ ಕಿರಣಗಳು ಹರಡುತ್ತವೆ. ದೂರದಿಂದ ನೋಡುವವನಿಗೆ ಇಡೀ ದರ್ಪಣ ದೀಪದಷ್ಟೇ ಉಜ್ವಲವಾಗಿ ಕಾಣುತ್ತದೆ, ಅದಕ್ಕಿಂತ ಹೆಚ್ಚಲ್ಲ. ಆದ್ದರಿಂದ ದೀಪದ ಪ್ರತಿ ಚದರ ಮಿಲಿಮೀಟರಿನ ಉಜ್ವಲತೆಯನ್ನು ದರ್ಪಣದ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಬರುವುದೇ ಕ್ಯಾಂಡೆಲಾದ ಗರಿಷ್ಠ ಮಿತಿ. ಬಾಯಿಯ ವ್ಯಾಸ ಎರಡರಷ್ಟಾದರೆ ಕ್ಯಾಂಡೆಲಾ ನಾಲ್ಕರಷ್ಟು, ದೂರ ಎರಡರಷ್ಟು. ಬೆರಳ ಗಾತ್ರದ ಟಾರ್ಚು ಬಹಳ ದೂರ ಬೀರುತ್ತದೆ ಎಂದರೆ ಅನುಮಾನಿಸಬೇಕಾದದ್ದು ಇದಕ್ಕಾಗಿ.

ಇನ್ನು ನೆಲದ ಸಂಗತಿ. ಇಲ್ಲಿಯವರೆಗಿನ ಲೆಕ್ಕವೆಲ್ಲ ಬೆಳಕಿಗೆ ಎದುರಾಗಿ ನಿಂತ ವಸ್ತುವಿಗೆ ಮಾತ್ರ ಸರಿ: ಮರದ ಕಾಂಡ, ಗೋಡೆ, ಹಂದಿಯ ಮೈ. ನೆಲ ಮಲಗಿದೆ. ಒಂದು ಮೀಟರ್ ಎತ್ತರದಲ್ಲಿ ಹಿಡಿದ ಟಾರ್ಚಿನ ಕಿರಣ 30 ಮೀಟರ್ ಆಚೆಯ ನೆಲವನ್ನು ಸವರಿಕೊಂಡು ಹೋಗುತ್ತದೆ. ಕೊಸೈನ್ ನಿಯಮದಂತೆ ಅಲ್ಲಿನ ನೆಲಕ್ಕೆ ದಕ್ಕುವುದು ಎದುರು ನಿಂತ ಗೋಡೆಗೆ ದಕ್ಕುವುದರ ಮೂವತ್ತರಲ್ಲಿ ಒಂದು ಪಾಲು. ಅಗಲ ಬೆಳಕಿನ ನಮ್ಮ ಮೊದಲ ಟಾರ್ಚು 30 ಮೀಟರಿನಲ್ಲಿ ಗೋಡೆಗೆ 1.3 ಲಕ್ಸ್ ಕೊಟ್ಟರೆ ನೆಲಕ್ಕೆ ಕೊಡುವುದು 0.04 ಲಕ್ಸ್. ದೂರದ ಅಡಿಕೆ ಮರಗಳು ಬೆಳ್ಳಗೆ ಕಾಣುವಾಗಲೂ ಅವುಗಳ ಬುಡದ ತರಗೆಲೆ ಕಪ್ಪಾಗಿಯೇ ಇರುವುದು ಹೀಗೆ. ಹಾವು ಇರುವುದು ಆ ತರಗೆಲೆಯಲ್ಲಿ. ಎಷ್ಟೇ ಬಲವಾದ ಟಾರ್ಚಿನಿಂದ ಅಂಗಳದಲ್ಲಿ ನಿಂತು ನೋಡಿ ‘ದಾರಿಯಲ್ಲಿ ಏನೂ ಇಲ್ಲ’ ಎಂದುಕೊಳ್ಳುವಂತಿಲ್ಲ.

ಅದೇ ಹೆಜ್ಜೆಯ ಮುಂದಿನ ನೆಲಕ್ಕೆ ಹೆಚ್ಚು ಬೆಳಕೇ ಬೇಡ. ಕೇವಲ 100 ಲೂಮೆನ್ನಿನ ಅಗಲ ಬೆಳಕು ಮೂರು ಮೀಟರ್ ಮುಂದಿನ ನೆಲಕ್ಕೆ ಸುಮಾರು ನಾಲ್ಕು ಲಕ್ಸ್ ಕೊಡುತ್ತದೆ. ನಡೆಯುವಾಗ ಸಾವಿರ ಲೂಮೆನ್ ಹಾಕುವುದು ಹಾನಿಕರ ಕೂಡ. ಕಣ್ಣಿನ ಅಕ್ಷಿಪಟದ ದಂಡಕೋಶಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ಪ್ರಖರ ಬೆಳಕು ಈ ಹೊಂದಾಣಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಬೆಳಕಿನ ವೃತ್ತದ ಆಚೆಗೆ ಆಮೇಲೆ ಏನೂ ಕಾಣದು. ಹಾಗಾಗಿ ಬೆಳಕನ್ನು ಹಲವು ಮಟ್ಟಗಳಿಗೆ ಬದಲಿಸಬಹುದಾದ, ಒತ್ತಿದೊಡನೆ ಕಡಿಮೆ ಮಟ್ಟದಲ್ಲಿ ಹೊತ್ತುವ ಟಾರ್ಚು ನನ್ನ ಆಯ್ಕೆ. ನಡುವೆ ಉಜ್ವಲ ಮಚ್ಚೆ, ಸುತ್ತ ಅಗಲವಾದ ಮಂದ ಬೆಳಕು ಇರುವಂಥದ್ದು ಹಿತ್ತಲಿಗೆ ಹೊಂದುತ್ತದೆ.

ಬಣ್ಣವೂ ಗಮನಿಸಬೇಕಾದದ್ದು. ಬಿಳಿ ಎಲ್‌ಇಡಿ ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ರಂಜಕ ವಸ್ತು ನೀಲಿಯ ಒಂದಂಶವನ್ನು ಹಳದಿಯಾಗಿ ಪರಿವರ್ತಿಸುತ್ತದೆ. ನೀಲಿ ಎಲ್‌ಇಡಿ ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಅಗ್ಗದ, ನೀಲಿ ಛಾಯೆಯ ಎಲ್‌ಇಡಿಗಳಲ್ಲಿ ಕೆಂಪಿನ ಪಾಲು ಕಡಿಮೆ. ಕಂದು ನೆಲದ ಮೇಲೆ ಕಂದು ಎಲೆ, ಅದರ ಮೇಲೆ ಕಂದು ಕೊಳಕುಮಂಡಲ: ಇವನ್ನು ಬೇರ್ಪಡಿಸಲು ಕೆಂಪೂ ಇರುವ ಬೆಳಕು ಬೇಕು. 4,000ದಿಂದ 5,000 ಕೆಲ್ವಿನ್‌ನ, ಬಣ್ಣ ನಿರೂಪಣಾ ಸೂಚ್ಯಂಕ 90ಕ್ಕೆ ಸಮೀಪವಿರುವ ಎಲ್‌ಇಡಿಗೆ ಲೂಮೆನ್ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಮಂಜಿನಲ್ಲಿ ಹಳದಿ ಬೆಳಕು ತೂರಿಹೋಗುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರ ಸಾಲದು. ಮಂಜಿನ ಹನಿಗಳು ಬೆಳಕಿನ ತರಂಗದೂರಕ್ಕಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದರಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಟಾರ್ಚನ್ನು ಕಣ್ಣಿನ ಬಳಿ ಹಿಡಿಯದೆ ಸೊಂಟದ ಕೆಳಗೆ ಹಿಡಿದರೆ ಹಿಂದಕ್ಕೆ ಚೆದರಿ ಕಣ್ಣಿಗೆ ಬೀಳುವ ಬೆಳ್ಳನೆಯ ಪರದೆ ತಗ್ಗುತ್ತದೆ.

ಪ್ರಾಣಿಯ ಕಣ್ಣು ಹುಡುಕುವಾಗ ಇದಕ್ಕೆ ತದ್ವಿರುದ್ಧ: ಟಾರ್ಚು ನಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು. ದನ, ನಾಯಿ, ಬೆಕ್ಕು, ಚಿರತೆಗಳ ಅಕ್ಷಿಪಟದ ಹಿಂದಿರುವ ಪ್ರತಿಫಲಕ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಹಂದಿಗೆ ಈ ಪದರವಿಲ್ಲ. ಕಣ್ಣು ಹೊಳೆಯಲಿಲ್ಲ ಎಂದು ಪೊದೆಗೆ ಕೈಹಾಕಬಾರದು.

ಈಗ ಲೂಮೆನ್ನಿನ ಸುಳ್ಳನ್ನು ಹಿಡಿಯುವ ಬಗೆ. ಕಣ್ಣು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುವ 555 ನ್ಯಾನೋಮೀಟರಿನ ಹಸಿರು ಬೆಳಕಿನಲ್ಲಿ ಕೂಡ ಒಂದು ವಾಟ್ ಎಂದರೆ 683 ಲೂಮೆನ್. ಯಾವ ಕಾರ್ಖಾನೆಯೂ ದಾಟಲಾಗದ ಮಿತಿ ಇದು. ಬಿಳಿ ಎಲ್‌ಇಡಿ ಟಾರ್ಚು ಎಲ್ಲ ನಷ್ಟ ಕಳೆದು ವಾಟಿಗೆ 100 ಲೂಮೆನ್ ಹೊರಬಿಟ್ಟರೆ ಅದು ಒಳ್ಳೆಯ ಟಾರ್ಚು. ಹಾಗಿದ್ದಲ್ಲಿ ‘ಒಂದು ಲಕ್ಷ ಲೂಮೆನ್’ ಎಂದರೆ 1,000 ವಾಟ್, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು! 18650 ಎಂಬ ಲಿಥಿಯಮ್ ಸೆಲ್ಲಿನ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ವೋಲ್ಟೇಜು 3.6, ಅದರ ಧಾರಣೆ 3 ಆಂಪೇರ್-ಗಂಟೆ ಎಂದು ಹಿಡಿದರೆ ಶಕ್ತಿ 10.8 ವಾಟ್-ಗಂಟೆ. ಆ ಟಾರ್ಚು ನಿಜವೇ ಆಗಿದ್ದರೆ ಈ ಸೆಲ್ಲು 40 ಸೆಕೆಂಡಿನೊಳಗೆ ಬರಿದಾಗಬೇಕು, ಅದೂ 270 ಆಂಪೇರಿಗಿಂತ ಹೆಚ್ಚಿನ ಪ್ರವಾಹದಲ್ಲಿ. ಇದೇ ಸೆಲ್ಲು 1,000 ಲೂಮೆನ್ನನ್ನು ಒಂದು ಗಂಟೆ, 100 ಲೂಮೆನ್ನನ್ನು ಹತ್ತು ಗಂಟೆಗೂ ಮೇಲೆ ಕೊಡಬಲ್ಲದು. ಈ ಗಾತ್ರದ ಸೆಲ್ಲಿನ ಮೇಲೆ ‘9,900 ಎಂಎಎಚ್’ ಎಂದಿದ್ದರೆ ಅದೂ ಸುಳ್ಳೇ. ಒಳ್ಳೆಯ 18650 ಸೆಲ್ಲುಗಳು ಸಾಮಾನ್ಯವಾಗಿ 3,500ರ ಆಸುಪಾಸಿನವು.

ಸೀಸ-ಆಮ್ಲ ಬ್ಯಾಟರಿಯ ದೊಡ್ಡ ಟಾರ್ಚುಗಳು ಇನ್ನೂ ಸಿಗುತ್ತವೆ. ಅವನ್ನು ತಿಂಗಳುಗಟ್ಟಲೆ ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜು ನಿಲ್ಲುವುದಿಲ್ಲ. ಸೆಲ್ಲನ್ನು ಬದಲಿಸಲು ಬರುವ ಲಿಥಿಯಮ್ ಟಾರ್ಚು ಮೇಲು. ಮಳೆಗೆ ಐಪಿ 67 ಗುರುತಿದ್ದರೆ ಸಾಕು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ.

ಕೊಳ್ಳುವ ಮುನ್ನ, ಅಥವಾ ಶಾಲೆಯಲ್ಲಿ, ಎರಡು ಟಾರ್ಚುಗಳನ್ನು ಹೋಲಿಸಲು ಬುನ್ಸೆನ್ನನ ಉಪಾಯವಿದೆ. ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ ಹಚ್ಚಿ. ಕತ್ತಲೆಯ ಓಣಿಯಲ್ಲಿ ಎದುರುಬದುರು ಇಟ್ಟ ಟಾರ್ಚುಗಳ ನಡುವೆ ಅದನ್ನು ಹಿಂದೆ ಮುಂದೆ ಸರಿಸಿ. ಎಣ್ಣೆಯ ಮಚ್ಚೆ ಕಾಣದಂತಾಗುವ ಜಾಗದಲ್ಲಿ ಎರಡೂ ಕಡೆಯ ಬೆಳಕು ಸಮ. ಆಗ ಎರಡು ದೂರಗಳ ವರ್ಗಗಳ ಅನುಪಾತವೇ ಕ್ಯಾಂಡೆಲಾಗಳ ಅನುಪಾತ. ಎರಡೂ ದೂರಗಳು ಐದು ಮೀಟರಿಗಿಂತ ಹೆಚ್ಚಿರಲಿ. ದೊಡ್ಡ ದರ್ಪಣದ ತೀರ ಹತ್ತಿರದಲ್ಲಿ ವಿಲೋಮ ವರ್ಗ ನಿಯಮ ಸರಿಹೊಂದುವುದಿಲ್ಲ. ಮೊಬೈಲಿನ ಲಕ್ಸ್ ಮಾಪಕವೂ ನಡೆದೀತು. ಹತ್ತು ಮೀಟರಿನಲ್ಲಿ 100 ಲಕ್ಸ್ ತೋರಿಸಿದರೆ ಅದು ಹತ್ತು ಸಾವಿರ ಕ್ಯಾಂಡೆಲಾದ ಟಾರ್ಚು. ಹತ್ತು ನಿಮಿಷ ಉರಿಸಿ ಇನ್ನೊಮ್ಮೆ ಅಳೆಯಿರಿ. ಬಿಸಿಯಾದೊಡನೆ ಬೆಳಕು ಕುಗ್ಗಿಸಿಕೊಳ್ಳುವ ಟಾರ್ಚುಗಳು ಆಗ ಗೊತ್ತಾಗುತ್ತವೆ.