ಗಾಳಿಯಂತ್ರಕ್ಕೆ ಮೊದಲು ಗಾಳಿ ಅಳೆಯಿರಿ

ನಮ್ಮದು ಬಂಟ್ವಾಳ ತಾಲೂಕಿನ ಕೆಂಪುಕಲ್ಲಿನ ಗುಡ್ಡೆ. ಮಳೆಯನ್ನೇ ನಂಬಿದ ಗೇರು ಕೃಷಿ. ಜುಲೈಯಲ್ಲಿ ಗುಡ್ಡೆಯ ತಲೆಯಲ್ಲಿ ನಿಂತರೆ ಕೊಡೆ ಮಗುಚುತ್ತದೆ. ಇಷ್ಟು ಗಾಳಿ ಸುಮ್ಮನೆ ಹೋಗುತ್ತದಲ್ಲ, ಒಂದು ಗಾಳಿಯಂತ್ರ ಹಾಕಿ ಬೇಸಗೆಯಲ್ಲಿ ಎಳೆ ಗಿಡಗಳಿಗೆ ನೀರೆತ್ತಬಾರದೇಕೆ ಅಂತ ನನ್ನ ಆಸೆ. ಏಜೆಂಟರೊಬ್ಬರು ಬಂದು "ಭಾರೀ ಒಳ್ಳೆ ಜಾಗ" ಎಂದರು. ಸೊಸೈಟಿ ಸಾಲಕ್ಕೆ ಅರ್ಜಿ ಬರೆದೇ ಬಿಟ್ಟೆ.

ತಡೆದವನು ನೆರೆಮನೆಯ ಹುಡುಗ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ಮಾವ, ಗಾಳಿ ಅಳೆದಿದ್ದೀರಾ?" ಎಂದು ಕೇಳಿದ. ಏಳನೇ ಕ್ಲಾಸು ಕಲಿತ ನನಗೆ ಗಾಳಿಯನ್ನೂ ಅಳೆಯುತ್ತಾರೆ ಅಂತಲೇ ಗೊತ್ತಿರಲಿಲ್ಲ.

ಅವನು ಹೇಳಿದ ಲೆಕ್ಕ ಇಷ್ಟೆ. ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲು ಮಾತ್ರ. ಸಣ್ಣ ಯಂತ್ರಗಳು ಕರೆಂಟು ಕೊಡಲು ಸುರುಮಾಡುವುದೇ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ. ಕಂಪೆನಿ ಹೇಳುವ ಪೂರ್ತಿ ವ್ಯಾಟ್ ಸಿಗಲು 10-12 ಮೀಟರ್ ಬೇಕು.

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಡೆ ಸಾಲುಸಾಲು ಗಾಳಿಯಂತ್ರಗಳಿವೆ. ಅಂಥ ಕಡೆ ಮೊದಲು ಎತ್ತರದ ಕಂಬ ನಿಲ್ಲಿಸಿ ಕಡಿಮೆಯೆಂದರೂ ಒಂದು ವರ್ಷ ಗಾಳಿ ಅಳೆಯುತ್ತಾರೆ. ಚೆನ್ನೈಯಲ್ಲಿ 1998ರಲ್ಲಿ ಇದಕ್ಕೆಂದೇ ಕೇಂದ್ರ ಸರಕಾರದ ಸಂಸ್ಥೆ ಸುರುವಾಗಿದೆ. ದೊಡ್ಡವರೇ ಅಳೆಯುವಾಗ ಸಾಲಗಾರ ನಾನು ಅಳೆಯದಿದ್ದರೆ ಹೇಗೆ?

30 ಅಡಿಯ ಜಿ.ಐ. ಪೈಪು ನಿಲ್ಲಿಸಿ ನಾಲ್ಕು ಕಡೆ ತಂತಿ ಬಿಗಿದೆವು. ತುದಿಯಲ್ಲಿ ತಿರುಗುವ ಬಟ್ಟಲುಗಳು, ಕೆಳಗೆ ಮೀಟರು, ನಡುವೆ ವಯರು. ನಮ್ಮೂರ ಸಿಡಿಲು ಗೊತ್ತಲ್ಲ, ಪೈಪಿಗೆ ಅರ್ಥಿಂಗ್ ಮಾಡದೆ ನಿಲ್ಲಿಸಬೇಡಿ. ದಿನಕ್ಕೆ ನಾಲ್ಕು ಹೊತ್ತು ನೋಡಿ ಹಳೇ ಡೈರಿಯಲ್ಲಿ ಬರೆದೆ. ಮರಗಳ ಮರೆಯೂ ಲೆಕ್ಕಕ್ಕುಂಟು. ಸುತ್ತ 300 ಅಡಿಯೊಳಗಿನ ಮರ, ಮನೆಗಳಿಗಿಂತ ಯಂತ್ರದ ರೆಕ್ಕೆ 30 ಅಡಿ ಮೇಲಿರಬೇಕಂತೆ. ಗೇರು ಬೆಳೆದ ಹಾಗೆ ಕಂಬವೂ ಬೆಳೆಯಬೇಕು!

ವರ್ಷ ಮುಗಿದಾಗ ಡೈರಿ ಸತ್ಯ ಹೇಳಿತು. ಮಳೆಗಾಲದಲ್ಲಿ ಗಾಳಿ ಇದೆ, ಆದರೆ ಬಡಿದು ಬಡಿದು ಬರುವಂಥದ್ದು, ಒಂದೇ ಸಮ ಅಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಮಧ್ಯಾಹ್ನದ ಕಡಲ ಗಾಳಿ ಕೆಲವು ದಿನ 4 ಮೀಟರ್ ಮುಟ್ಟಿತು. ಬೆಳಿಗ್ಗೆ, ರಾತ್ರಿ ಎಲೆ ಅಲ್ಲಾಡುವಷ್ಟೂ ಇಲ್ಲ. ನೀರು ಬೇಡದಾಗ ಗಾಳಿ, ಬೇಕಾದಾಗ ಇಲ್ಲ. ಜುಲೈಯ ಕರೆಂಟನ್ನು ಮಾರ್ಚಿಗೆ ಇಡುವ ಬ್ಯಾಟರಿ ನನ್ನಲ್ಲಿ ಎಲ್ಲಿಂದ ಬರಬೇಕು?

ಬೆಳ್ತಂಗಡಿಯ ಘಟ್ಟದ ಬುಡದಲ್ಲಿರುವ ಭಾವ ಇದನ್ನು ಕೇಳಿ ನಕ್ಕರು. ಅವರದ್ದು ತೋಡಿನ ನೀರಿನಿಂದ ಕರೆಂಟು. ಅವರೂ ಮೊದಲು ಅಳೆದವರೇ. 20 ಲೀಟರಿನ ಬಕೆಟ್ 4 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ನೀರು ಬೀಳುವ ಎತ್ತರ 30 ಮೀಟರ್ ಇದ್ದರೆ, 5ನ್ನು 30ರಿಂದ ಗುಣಿಸಿ ಮತ್ತೆ 5ರಿಂದ ಗುಣಿಸಬೇಕು. ಸುಮಾರು 750 ವ್ಯಾಟ್. ಅದನ್ನೂ ಮಳೆಗಾಲದಲ್ಲಿ ಮಾತ್ರವಲ್ಲ, ತೋಡು ಸೊರಗುವಾಗಲೂ ಅಳೆಯಬೇಕು ಎನ್ನುತ್ತಾರೆ ಭಾವ.

ನಾನು ಅರ್ಜಿ ಹರಿದೆ. ಬಿಸಿಲು ಬೇಕಾದಾಗಲೇ ಸಿಗುತ್ತದೆಂದು ಸಣ್ಣ ಸೋಲಾರ್ ಪಂಪು ಹಾಕಿದೆ. ಗಾಳಿಯಂತ್ರವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಿಮ್ಮ ಗುಡ್ಡೆಯಲ್ಲಿ ಬೇಸಗೆಯೂ ಒಳ್ಳೆ ಗಾಳಿ ಇರಬಹುದು. ಆದರೆ ಏಜೆಂಟರ ಮಾತು, ಮಗುಚಿದ ಕೊಡೆ ಎರಡೂ ಅಳತೆಯಲ್ಲ. ಒಂದು ಪೈಪು, ಒಂದು ಮೀಟರು, ಒಂದು ಡೈರಿ, ಒಂದು ವರ್ಷದ ತಾಳ್ಮೆ. ಸಾಲದ ಕಂತಿಗಿಂತ ಇದು ಎಷ್ಟೋ ಅಗ್ಗ.