ಕ್ಯಾಮೆರಾ ಟರ್ರ್ ಅಂತು, ಕಳ್ಳಿಪೀರ ಗೂಡಿಗೆ ಹೋಗವಲ್ದು!

ಮುರಗೋಡದ ಹೊರಗಿನ ಹಳ್ಳದ ದಂಡಿಯಲ್ಲಿ ಮೊನ್ನೆ ಒಂದು ಮಜಾ ನಡೆಯಿತು. ಮಜಾ ಅನ್ನುವುದಕ್ಕಿಂತ ಪಾಠ ಅಂದರೇ ಸರಿ.

ಯುಗಾದಿ ಮುಗಿದು ನಾಲ್ಕಾರು ದಿನ. ಜೋಳ, ಕಡಲೆ ಮನೆ ಸೇರಿ ಎರಿ ಹೊಲಗಳು ಬಾಯಿ ಬಿಟ್ಟು ಬಿದ್ದ ಹೊತ್ತು. ನಮ್ಮೂರ ಕಾಲೇಜು ಹುಡುಗನೊಬ್ಬ ಬಿಸಿಲಿಗೆ ಮೈಯೊಡ್ಡಿ ಕುಂತಿದ್ದ. ಕೈಯಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮೆರಾ. ಎದುರು ದಂಡೆಯ ಮಣ್ಣಿನಲ್ಲಿ ಇಲಿ ಬಿಲದಂಥ ಒಂದು ತೂತು. ಹಕ್ಕಿ ಅತ್ತ ಸುಳಿದರೆ ಸಾಕು, ಗುಂಡಿ ಒತ್ತಿ ಹಿಡಿಯುತ್ತಿದ್ದ; ‘ಟರ್ರ್’ ಅಂತ ಹೊಲಿಗೆ ಮಷೀನಿನ ಸಪ್ಪಳ!

“ಎಂಟನೂರು ಫೋಟೋ ಆದೂರೀ ಕಾಕಾ. ಒಂದೂ ನೆಟ್ಟಗ ಬಂದಿಲ್ಲ” ಅಂದ.

ಆ ತೂತು ಕಳ್ಳಿಪೀರದ ಗೂಡು. ಓದುಗರು ಈ ಹಕ್ಕಿಯನ್ನು ನೋಡದೇ ಇರಲಿಕ್ಕಿಲ್ಲ. ಬೈಲಹೊಂಗಲ ರಸ್ತೆಗುಂಟ ಲೈಟಿನ ತಂತಿಯ ಮೇಲೆ ಕೂಡುವ ಸಣ್ಣ ಹಸಿರು ಹಕ್ಕಿ. ಕಣ್ಣಿಗೆ ಕಾಡಿಗೆ ತೀಡಿದಂಥ ಕರಿ ಗೆರೆ, ಬಾಲದ ನಡುವೆ ಸೂಜಿಯಂಥ ಗರಿ. ಹಾರುವ ಜೇನ್ನೊಣವನ್ನು ಗಾಳಿಯಲ್ಲೇ ಹಿಡಿದು, ಕುಂತಿದ್ದ ಟೊಂಗೆಗೇ ಮರಳಿ ಬಂದು, ಬಡಿದು ತಿಕ್ಕಿ ಮುಳ್ಳು ತೆಗೆದು ನುಂಗುತ್ತದೆ. ಬ್ಯಾಸಿಗೆಯೇ ಇದರ ಬಾಣಂತನದ ಕಾಲ. ಗಂಡು ಹೆಣ್ಣು ಸೇರಿ ಮಣ್ಣಿನ ದಂಡೆ ಕೊರೆದು ಉದ್ದನ್ನ ಸುರಂಗ ಮಾಡುತ್ತವೆ. ಮರಿಗಳಿಗೆ ಎರಡೂ ಉಣಿಸುತ್ತವೆ.

ಗುಂಡಿ ಒತ್ತಿದರ ಸಾಕೇನು?

ಈಗಿನ ಕ್ಯಾಮೆರಾಗಳಲ್ಲಿ ‘ಬರ್ಸ್ಟ್’ ಅಂತ ಒಂದು ಸೌಲಭ್ಯ. ಗುಂಡಿ ಒತ್ತಿ ಹಿಡಿದರೆ ಒಂದರ ಹಿಂದೆ ಒಂದು ಫೋಟೋ. ಇದೇನು ಹೊಸ ಆಸೆಯಲ್ಲ. ೧೮೮೨ರಲ್ಲೇ ಫ್ರಾನ್ಸಿನ ಎತಿಯೆನ್ ಜೂಲ್ ಮಾರೇ ಹಾರುವ ಹಕ್ಕಿಗಾಗಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಸೆಕೆಂಡಿಗೆ ೧೨ ಚಿತ್ರ ತೆಗೆದಿದ್ದ. ೨೦೨೩ರಲ್ಲಿ ಸೋನಿ ಕಂಪನಿ ಸೆಕೆಂಡಿಗೆ ೧೨೦ ತೆಗೆಯುವ ಕ್ಯಾಮೆರಾ ಪ್ರಕಟಿಸಿತು. ನಮ್ಮ ಹುಡುಗನದು ಸೆಕೆಂಡ್‌ಹ್ಯಾಂಡ್ ಮಾಲು, ಸೆಕೆಂಡಿಗೆ ಹತ್ತು.

ಲೆಕ್ಕ ಹಾಕಿ ನೋಡ್ರಿ. ತಾಸಿಗೆ ೩೦ ಕಿಲೋಮೀಟರ್ ಓಟದಲ್ಲಿ ಹಾರುವ ಹಕ್ಕಿ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲೇ ೮೦ ಸೆಂಟಿಮೀಟರ್ ಮೀರಿ ಹೋಗಿರುತ್ತದೆ. ಹೆಚ್ಚು ಕಡಿಮೆ ಎರಡು ಮೊಳ! ನೊಣ ಕೊಕ್ಕಿಗೆ ಸಿಕ್ಕ ಗಳಿಗೆ ಆ ಎರಡು ಮೊಳದೊಳಗೇ ಕಳೆದುಹೋದರೆ ಎಂಟನೂರು ಫೋಟೋ ಇದ್ದು ಏನು ಮಾಡುವುದು?

ಇನ್ನೊಂದು ಮಾತು. ಸೆಕೆಂಡಿಗೆ ಎಷ್ಟು ಫೋಟೋ ಅನ್ನುವುದು ಬೇರೆ, ಒಂದೊಂದು ಫೋಟೋಕ್ಕೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಬೇರೆ. ರೆಕ್ಕೆ ಮಸುಕಾಗಬಾರದೆಂದರೆ ಶಟರ್ ಸೆಕೆಂಡಿನ ಎರಡು ಸಾವಿರದ ಒಂದು ಪಾಲಿಗೋ ಅದಕ್ಕೂ ಕಡಿಮೆಗೋ ಇರಬೇಕು. ಹುಡುಗ ಐನೂರರ ಒಂದು ಪಾಲಿಗೆ ಇಟ್ಟಿದ್ದ! ಮೇಲಾಗಿ ಗುಂಡಿ ಬಿಡದೇ ಒತ್ತಿದರೆ ಕ್ಯಾಮೆರಾದೊಳಗಿನ ಬಫರ್ ತುಂಬಿಬಿಡುತ್ತದೆ. ಹಕ್ಕಿ ಬರುವ ಹೊತ್ತಿಗೆ ಸರಿಯಾಗಿ ಮಷೀನು ಮಂದಾಗಿರುತ್ತದೆ.

ಫಿಲ್ಮಿನ ಕಾಲದಲ್ಲಿ ರೋಲಿಗೆ ೩೬ ಫೋಟೋ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಅಷ್ಟರಲ್ಲೇ ಹೆಸರಾದ ಚಿತ್ರಗಳನ್ನು ತೆಗೆದರು. ಒಂದೊಂದು ಸಲ ಒತ್ತಿದಾಗಲೂ ರೊಕ್ಕ ಹೋಗುವ ಅಂಜಿಕೆ ಇದ್ದದ್ದರಿಂದ, ಮೊದಲು ಪ್ರಾಣಿಯ ಗುಣ ಕಲಿಯಬೇಕಾಗುತ್ತಿತ್ತು. ಈಗ ಒತ್ತುವುದು ಪುಕ್ಕಟೆ, ಕಲಿಯುವುದು ತಪ್ಪಿತು.

ಅಜ್ಜನ ಕಣ್ಣು

ಅಷ್ಟರಲ್ಲಿ ಎತ್ತಿಗೆ ನೀರು ಕುಡಿಸಲು ಬಂದ ಅಜ್ಜನೊಬ್ಬ ನಿಂತ.

“ತಮ್ಮಾ, ಆಗಿಂದ ನೋಡಾಕಹತ್ತೇನಿ. ಆ ಹಕ್ಕಿ ಬಾಯಾಗ ಹುಳಾ ಹಿಡಕೊಂಡು ತಂತಿ ಮ್ಯಾಲ ಕುಂತೈತಿ. ಒಳಗ ಮರಿ ಹಸದಿರತಾವ. ನೀ ಗೂಡ ನೋಡಾಕಹತ್ತೀ ಅಂತ ಅದು ಒಳಗ ಹೋಗವಲ್ದು.”

“ನಾ ಭಾಳ ದೂರ ಅದೇನ್ರೀ ಅಜ್ಜಾ.”

“ದೂರ ಹತ್ತರದ ಮಾತಲ್ಲೋ. ನಿನ್ನ ಕಣ್ಣ ಎಲ್ಲೈತಿ ಅನ್ನೂದು ಅದಕ್ಕ ಗೊತ್ತೈತಿ.”

ಹುಡುಗ ನಕ್ಕ. ಆದರೆ ಅಜ್ಜನ ಮಾತು ನಗುವಂಥದ್ದಲ್ಲ. ಪುಣೆಯ ಮಿಲಿಂದ ವಾಟವೆ ಮತ್ತು ಸಂಗಡಿಗರು ಇದೇ ಕಳ್ಳಿಪೀರದ ಮೇಲೆ ಪ್ರಯೋಗ ಮಾಡಿ ೨೦೦೨ರಲ್ಲಿ ಪ್ರಕಟಿಸಿದ್ದಾರೆ. ಗೂಡಿನ ಬಾಯಿ ಕಾಣುವ ಜಾಗದಲ್ಲಿ ಮನುಷ್ಯ ನಿಂತರೆ ಹಕ್ಕಿ ಗೂಡಿಗೆ ಹೋಗಲು ಹಿಂದೆಮುಂದೆ ನೋಡಿತು. ಅಷ್ಟೇ ಅಂತರದಲ್ಲಿ, ಆದರೆ ಗೂಡು ಕಾಣದ ಕಡೆ ನಿಂತರೆ ಹೆಚ್ಚು ಸಲೀಸಾಗಿ ಹೋಯಿತು. ಅಂದರೆ ಮನುಷ್ಯ ಎಷ್ಟು ದೂರ ಇದ್ದಾನೆ ಎಂಬುದೊಂದೇ ಅಲ್ಲ, ಅವನಿಗೆ ಏನು ಕಾಣುತ್ತಿದೆ ಎಂಬುದೂ ಆ ಹಿಡಿ ಗಾತ್ರದ ಹಕ್ಕಿಯ ಲೆಕ್ಕದಲ್ಲಿದೆ! ಗೂಡಿಗೆ ಲೆನ್ಸು ನೆಟ್ಟು ಎರಡು ತಾಸು ಕುಂತರೆ ಒಳಗಿನ ಮರಿಗಳ ಗತಿ ಏನು, ನೀವೇ ಹೇಳ್ರಿ.

ಹುಡುಗ ಶ್ಯಾಣ್ಯಾ. ಎದ್ದು ಹಳ್ಳದ ತಿರುವು ದಾಟಿ, ತೂತು ಕಾಣದ ಕಡೆ ಜಾಲಿ ಗಿಡದ ಮರೆಗೆ ಹೋದ. ಸ್ವಲ್ಪ ಹೊತ್ತಿಗೆ ಹಕ್ಕಿ ಸುಂಯ್ ಅಂತ ಒಳಗೆ ಹೋಗಿ ಹೊರಗೆ ಬಂತು. ಅದು ಪದೇಪದೇ ಬಂದು ಕೂಡುವ ಒಣ ಟೊಂಗೆಯೊಂದನ್ನು ನಾವು ಗುರುತು ಮಾಡಿಕೊಂಡೆವು. ಹುಡುಗ ಟೊಂಗೆಯ ಮೇಲೆ ಫೋಕಸ್ ಇಟ್ಟ, ಶಟರ್ ಸರಿಮಾಡಿದ, ಬೆರಳು ಗುಂಡಿಯ ಮೇಲಿಟ್ಟು ಕಾದ. ಹಕ್ಕಿ ಕತ್ತು ಚಾಚಿ ಮೈ ಬಿಗಿಹಿಡಿದಾಗ ಒಂದು ಗಳಿಗೆ ಮಾತ್ರ ‘ಟರ್’; ಮರಳಿ ಬರುವಾಗ ಇನ್ನೊಂದು ‘ಟರ್’. ಹೊತ್ತು ಮುಳುಗುವುದರೊಳಗೆ ನಲವತ್ತು ಫೋಟೋ. ಅವುಗಳಲ್ಲಿ ಒಂದರಲ್ಲಿ ರೆಕ್ಕೆ ಬಿಚ್ಚಿದ ಕಳ್ಳಿಪೀರ, ಕೊಕ್ಕಿನ ತುದಿಯಲ್ಲಿ ಜೇನ್ನೊಣ.

ಈ ಭಾಗದ ಕ್ಯಾಮೆರಾ ಹುಡುಗರಿಗೆ ಹೇಳುವುದಿಷ್ಟು: ಟೊಂಗೆಗೆ ಗುರಿಯಿಡ್ರಿ, ಗೂಡಿಗೆ ಬ್ಯಾಡ. ಹಾರಲಿ ಅಂತ ಕಲ್ಲು ಒಗೆಯುವುದು, ಚಪ್ಪಾಳೆ ಹೊಡೆಯುವುದು ಬ್ಯಾಡೇ ಬ್ಯಾಡ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ತತ್ತಿ, ಗೂಡು ಕೆಣಕುವುದೂ ಬರುತ್ತದೆ. ಹಳ್ಳದ ದಂಡಿಯ ಮಣ್ಣು ಹೇರುವ ಟ್ರ್ಯಾಕ್ಟರಿನವರೂ ಇದನ್ನು ನೆನಪಿಡಬೇಕು. ತೂತು ಕಂಡಲ್ಲಿ ಸಲಿಕೆ ಹಾಕದೆ, ಮಳೆಗಾಲ ಹಿಡಿದು ಮರಿ ಹಾರಿಹೋಗುವ ತನಕ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಫೋಟೋ ಅಜ್ಜನಿಗೂ ತೋರಿಸಿದ ಹುಡುಗ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, “ಛಲೋ ಬಂದೈತಿ. ಈಗ ಮನೀಗಿ ನಡಿ, ಅವೂ ಉಣ್ಣಲಿ” ಅಂದು ಎತ್ತು ಹೊಡಕೊಂಡು ನಡೆದ.